ಮೊದಲು ಗಲ್ಲ, ಆಮೇಲೆ ಸ್ಟೇರಿಂಗ್

ಹೂಗ್ಯಂನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ರಾತ್ರಿ ಇಲ್ಲೇ ತಂಗಿದ ಕೊಳ್ಳೇಗಾಲದ ಸರ್ಕಾರಿ ಬಸ್ಸು ಇಬ್ಬನಿಯಲ್ಲಿ ನೆಂದು ನಿಂತಿದೆ. ಅದರ ಮುಂಬಾಗಿಲ ಕಂಬಿಗೆ ಹಳೆಯ ತೊಗಲಿನ ಬೆಲ್ಟೊಂದು ನೇತುಬಿದ್ದಿದೆ. ಖಾಕಿ ಪ್ಯಾಂಟು, ಬಿಳಿ ಬನಿಯನ್ನಿನ ಚಾಲಕ ಪುಟ್ಟಸಿದ್ದಯ್ಯ ಆ ಬೆಲ್ಟಿನ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯಲ್ಲಿನ ಕ್ಷೌರದ ಕತ್ತಿಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದಾರೆ. ಆ ಸರ್ ಸರ್ ಸದ್ದಿಗೆ ಬಸ್ಸಿನೊಳಗೆ ಮಲಗಿದ್ದ ಕಂಡಕ್ಟರ್ ಶಾಂತರಾಜು ಮಗ್ಗುಲು ಬದಲಿಸುತ್ತಾರೆ. ಊರಿನವರಿಗೆ ಇದು ಕೋಳಿ ಕೂಗಿನಷ್ಟೇ ಮಾಮೂಲಿ.

ತಂಬಿಗೆಯ ತಣ್ಣೀರು, ಸೋಪಿನ ಒಂದು ಚೂರು, ಕೂದಲುದುರಿದ ಬ್ರಷ್ಷು, ಪಟಿಕದ ತುಂಡು. ಕನ್ನಡಿ ಬಸ್ಸಿನದೇ. ನೊರೆ ಹಚ್ಚಿಕೊಂಡ ಮೇಲೆ ಪುಟ್ಟಸಿದ್ದಯ್ಯ ಮಾತಾಡುವುದಿಲ್ಲ, ಮಾತಾಡಿಸಲೂಬಾರದು. ಕಿವಿಯ ಬುಡದಿಂದ ಇಳಿದ ಕತ್ತಿ ದವಡೆಯ ಮೂಲೆ ತಿರುಗಿ ಗಂಟಲಿಗೆ ಬರುವಾಗ ಲೇಖನ ಬರೆಯಲೆಂದು ಬಂದು ನೋಡುತ್ತಿದ್ದ ನಾನೇ ಉಸಿರು ಹಿಡಿದಿದ್ದೆ. ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ರೇಜರಿನಲ್ಲಿ ವಾರಕ್ಕೆರಡು ಸಲ ಮುಖ ಗೀರಿಕೊಳ್ಳುವ ಜಾತಿಯವನು ನಾನು.

ಮುಖ ತೊಳೆದು, ಗಲ್ಲವನ್ನು ಅತ್ತಿತ್ತ ಹೊರಳಿಸಿ, ಬೆರಳಲ್ಲಿ ಒತ್ತಿ ನೋಡಿ ಅವರು ನಗುತ್ತಾರೆ. "ಆಯ್ತು ಸಾ. ಇವತ್ತು ಬಸ್ ಓಯ್ತದ."

ಆ ಮಾತನ್ನು ತಮಾಷೆ ಎಂದುಕೊಂಡಿದ್ದೆ. ಅದು ತಮಾಷೆಯಲ್ಲ.

ಪುಟ್ಟಸಿದ್ದಯ್ಯನವರ ತಂದೆ ದೊಡ್ಡಸಿದ್ದಯ್ಯ ಯಳಂದೂರಿನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದವರು. ಅಂಗಡಿ ಎಂದರೆ ಒಂದು ತಗಡಿನ ಮಾಡು, ಒಂದು ಮರದ ಕುರ್ಚಿ, ಪಾದರಸ ಬಿಟ್ಟ ಕನ್ನಡಿ. ಬೆಟ್ಟದಿಂದ ಇಳಿದು ಬಂದ ಸೋಲಿಗರು, ಗದ್ದೆಗೆ ಹೋಗುವ ಮುಂಚೆ ಬಂದ ರೈತರು, ಮದುವೆ ಗಂಡುಗಳು, ಎಲ್ಲರೂ ಆ ಕುರ್ಚಿಯಲ್ಲಿ ಕತ್ತು ಚಾಚಿದವರೇ. ಆದರೆ ದಿನದ ಮೊದಲ ಮುಖ ಮಾತ್ರ ದೊಡ್ಡಸಿದ್ದಯ್ಯನವರದೇ ಆಗಿರಬೇಕಿತ್ತು.

"ನಮ್ಮಪ್ಪ ಗಿರಾಕಿ ಮಕ ಮುಟ್ಟೋಕ್ ಮುಂಚೆ ತನ್ನ ಮಕ ತಾನೇ ಮಾಡ್ಕತಿದ್ರು ಸಾ. ಕೈ ಸರಿಯಾಗಿದ್ರೆ ಅಂಗಡಿ. ಒಂದು ತೊಟ್ಟು ರಕ್ತ ಬಂತು ಅನ್ನಿ, ಅವತ್ತು ಬಾಗ್ಲು ಮುಚ್ಚಿ ಮನೆಗ್ ಬಂದ್ಬುಡೋರು. ಮನೇಲಿ ಅವ್ವ ಬಯ್ಯೋಳು. ಅದ್ಕೆ ಅಪ್ಪ 'ಮಂದಿ ಕತ್ತು ಕಣಮ್ಮಿ, ಕುಂಬಳಕಾಯಲ್ಲ' ಅನ್ನೋರು," ಎಂದು ಪುಟ್ಟಸಿದ್ದಯ್ಯ ನಗುತ್ತಾರೆ.

ಮಗನಿಗೆ ಕುರ್ಚಿಗಿಂತ ಗಾಲಿಯ ಮೇಲೆ ಆಸೆ. ಲಾರಿಯಲ್ಲಿ ಕ್ಲೀನರ್ ಆಗಿ, ಲೈಸೆನ್ಸ್ ಮಾಡಿಸಿ, ಕೊನೆಗೆ ಸರ್ಕಾರಿ ಬಸ್ಸಿನ ಚಾಲಕನಾದ ಸುದ್ದಿ ತಂದಾಗ ಅಪ್ಪ ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ ತಮ್ಮಲ್ಲಿದ್ದ ಎರಡು ಕತ್ತಿಗಳಲ್ಲಿ ಒಳ್ಳೆಯದನ್ನೇ ಬಟ್ಟೆಯಲ್ಲಿ ಸುತ್ತಿ ಮಗನ ಕೈಗಿಟ್ಟರು.

"'ಅಂಗಡಿ ಬ್ಯಾಡ ಅಂದೆ, ಇರ್ಲಿ. ನಾನು ಒಂದ್ ಸಲಕ್ಕೆ ಒಂದು ಕತ್ತು ಇಡೀತೀನಿ, ನೀನು ಬಸ್ ತುಂಬ ಇಡೀತೀಯ. ದಿನಾ ಮೊದ್ಲು ನಿನ್ನ ಗಲ್ಲ, ಆಮೇಲೆ ಸ್ಟೇರಿಂಗ್ ಮುಟ್ಟು' ಅಂದ್ರು. ಅವತ್ತಿಂದ ತಪ್ಸಿಲ್ಲ ಸಾ."

ಬಿಳಿಗಿರಿರಂಗನ ಬೆಟ್ಟದ ಬಸ್ಸು, ಮಾದಪ್ಪನ ಬೆಟ್ಟ ದಾಟಿ ಪಾಲಾರಿಗೆ ಹೋಗುವ ಬಸ್ಸು, ಹನೂರಿನ ಸುತ್ತಿನ ಹಳ್ಳಿ ಬಸ್ಸುಗಳು, ಎಲ್ಲದರ ಕನ್ನಡಿಯಲ್ಲೂ ಈ ಗಲ್ಲ ಕಂಡಿದೆ. ಆಗ ರಾತ್ರಿ ತಂಗುವ ಬಸ್ಸಿನವರೆಂದರೆ ಊರಿಗೆ ನೆಂಟರಿದ್ದ ಹಾಗೆ. ಯಾರದೋ ಮನೆಯ ರಾಗಿಮುದ್ದೆ, ಇನ್ಯಾರದೋ ಮನೆಯ ಉಪ್ಪೆಸರು, ಬೆಳಿಗ್ಗೆ ಇನ್ಯಾರದೋ ಒಲೆಯ ಬಿಸಿನೀರು. ಪಾಲಾರಿನ ಟೀ ಅಂಗಡಿಯವನು "ಅಣ್ಣೇ, ಸುಡುತಣ್ಣಿ ರೆಡಿ" ಎಂದು ತಮಿಳಿನಲ್ಲಿ ಕೂಗಿಯೇ ಇವರನ್ನು ಎಬ್ಬಿಸುತ್ತಿದ್ದನಂತೆ. ಈಗ ಬಿಸಿನೀರು ಕೊಡುವವರು ಕಡಿಮೆ, ಹಾಗಂತ ಪುಟ್ಟಸಿದ್ದಯ್ಯ ಯಾರನ್ನೂ ದೂರುವುದಿಲ್ಲ. "ಅವ್ರವ್ರ ಮನೇಲಿ ಅವ್ರವ್ರ ಗಡಿಬಿಡಿ ಸಾ. ತಣ್ಣೀರಲ್ಲೂ ನೊರೆ ಬತ್ತದ, ವಸಿ ಒತ್ತು ಉಜ್ಬೇಕು."

ಕಾಡಿನ ದಾರಿಯಲ್ಲಿ ಪೊಲೀಸ್ ತಪಾಸಣೆ ಬಿಗಿಯಾಗಿದ್ದ ಕಾಲದ ಒಂದು ಕತೆಯನ್ನು ಅವರು ಬಲು ಉಮೇದಿನಿಂದ ಹೇಳುತ್ತಾರೆ. ಪೇದೆಯೊಬ್ಬ ಇವರ ಚೀಲದಿಂದ ಕತ್ತಿ ಹೊರಗೆಳೆದು, ಬಸ್ ಓಡಿಸೋನಿಗೆ ಇದ್ಯಾಕಯ್ಯಾ ಎಂದು ಗದರಿದ. ಗಡ್ಡ ಮಾಡ್ಕೊಳ್ಳೋಕೆ ಎಂದರೆ ನಂಬಲಿಲ್ಲ. ಹಾಗಾದರೆ ಮಾಡಿ ತೋರಿಸು ಎಂದ. ಬೆಳಿಗ್ಗೆ ತಾನೇ ನುಣ್ಣಗಾಗಿದ್ದ ಗಲ್ಲದಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ. "ಕೊನೇಗೆ ಆ ಪೋಲೀಸಪ್ಪನ್ನೇ ಕಲ್ ಮೇಲೆ ಕೂರ್ಸಿ ಕೆರ್ದು ಕಳಿಸ್ದೆ. ಬಸ್ಸಿನೋರೆಲ್ಲ ಕಿಟಕೀಲಿ ಇಣುಕ್ಕಂಡು ನಗ್ತಿದ್ರು. ಆಮೇಲಿಂದ ನನ್ ಬಸ್ ಕಂಡ್ರೆ ಆವಯ್ಯ ಗಲ್ಲ ಸವರ್ಕಂಡು ಬುಟ್ಬುಡೋನು."

ಅಪ್ಪ ಅಂಗಡಿ ಮುಚ್ಚಿದ್ದು ಹೇಗೆ ಎಂದು ಕೇಳಿದಾಗ ಮಾತ್ರ ಅವರ ದನಿ ತಗ್ಗುತ್ತದೆ. ವಯಸ್ಸಾದ ಮೇಲೆ ಒಂದು ಸೋಮವಾರ ಕತ್ತಿ ತಾಗಿತು. ಬಾಗಿಲು ಹಾಕಿ ಮನೆಗೆ ಬಂದರು. ಅದೇ ವಾರದಲ್ಲಿ ಇನ್ನೊಮ್ಮೆ ತಾಗಿತು. ಒಂದು ಸಲ ಆದರೆ ನಿದ್ದೆಗೇಡು, ಎರಡು ಸಲ ಆದರೆ ಕೈಯೇ ಹೇಳುತ್ತಿದೆ ಎಂದು ಕುರ್ಚಿಯನ್ನು ಯಾರಿಗೋ ಕೊಟ್ಟುಬಿಟ್ಟರು. ಅಲ್ಲಿಂದ ಕೊನೆಯವರೆಗೂ ರಜೆ ಸಿಕ್ಕಾಗಲೆಲ್ಲ ಮಗನೇ ಅಪ್ಪನ ಗಡ್ಡ ಮಾಡಿದ್ದು. "ಕಣ್ಮುಚ್ಕಂಡು ಮಗು ತರ ಕುಂತ್ಕಳೋರು ಸಾ. ಮುಗುದ್ ಮೇಲೆ ಗಲ್ಲ ಸವರಿ, 'ಪರ್ವಾಗಿಲ್ಲ ಕಣ್ಲಾ, ಅಂಗಡಿ ಮಡಗ್ಬೌದಿತ್ತು' ಅನ್ನೋರು." ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. ನನ್ನದೂ ಆಯಿತು, ಮುಚ್ಚಿಡುವುದೇಕೆ.

ಬರುವ ವೈಶಾಖಕ್ಕೆ ಪುಟ್ಟಸಿದ್ದಯ್ಯನವರಿಗೆ ನಿವೃತ್ತಿ. ಅವರ ಆಸೆ ದೊಡ್ಡದೇನಲ್ಲ. "ಕೊನೇ ದಿನ ಈ ಹೂಗ್ಯಂ ಬಸ್ಸನ್ನ ನನ್ ಕೈಯಾರೆ ಡಿಪೋ ಒಳಕ್ಕೆ ತಂದು ನಿಲ್ಸಿ, ಇಂಜಿನ್ ಆಫ್ ಮಾಡಿ ಇಳೀಬೇಕು. ಅಷ್ಟೇಯ." ಇಲ್ಲಿಗೆ ನನ್ನ ಲೇಖನ ಮುಗಿಯಿತು ಎಂದುಕೊಂಡು ಊರಿಗೆ ಮರಳಿದ್ದೆ.

ಎರಡು ವಾರ ಕಳೆದು ಶಾಂತರಾಜು ಅವರ ಫೋನು ಬರುತ್ತದೆ. "ಸಾ, ಸೋಮವಾರ ಅಣ್ಣ ಗಲ್ಲ ಕುಯ್ಕಂಡವ್ರೆ." ಗಾಯ ಎಂದರೆ ಸಾಸಿವೆ ಕಾಳಿನಷ್ಟು. ಅಷ್ಟಕ್ಕೇ ಪುಟ್ಟಸಿದ್ದಯ್ಯ ಡಿಪೋಗೆ ತಿಳಿಸಿ ಸ್ಟೇರಿಂಗ್ ಮುಟ್ಟದೆ ಕೂತರು. ರಾಮಾಪುರದಲ್ಲಿ ಮನೆ ಮಾಡಿಕೊಂಡಿರುವ ಇನ್ನೊಬ್ಬ ಚಾಲಕರು ಬೈಕಿನಲ್ಲಿ ಬಂದು ಬಸ್ಸು ಹೊರಡಿಸುವಷ್ಟರಲ್ಲಿ ಹೊತ್ತೇರಿತ್ತು. ಕೊಳ್ಳೇಗಾಲದ ಮಾರುಕಟ್ಟೆಗೆ ಚೆಂಡುಹೂ ಒಯ್ಯುವ ಚಿಕ್ಕಬಸಮ್ಮ ದಾರಿಯುದ್ದಕ್ಕೂ ಬೈದರಂತೆ. ಮರುದಿನದಿಂದ ಕೈ ಮತ್ತೆ ಸರಿಯಾಗಿದೆ. ಆದರೆ ವಾರ ಇನ್ನೂ ಮುಗಿದಿಲ್ಲ.

ಶನಿವಾರ ಬೆಳಗಾಗುವ ಮುಂಚೆಯೇ ನಾನು ಹೂಗ್ಯಂನಲ್ಲಿದ್ದೇನೆ. ನಾನೊಬ್ಬನೇ ಅಲ್ಲ. ಮೊದಲ ಬಸ್ಸಿನವರೆಲ್ಲ ಅಂದು ಬೇಗ ಬಂದು ದೂರದಲ್ಲಿ ಗುಂಪಾಗಿ ನಿಂತಿದ್ದಾರೆ. ನೋಡಿಯೂ ನೋಡದವರಂತೆ ಎಲ್ಲರ ಕಣ್ಣೂ ಆ ಒಂದು ಗಲ್ಲದ ಮೇಲಿದೆ. ಚಿಕ್ಕಬಸಮ್ಮ ಹೂವಿನ ಕುಕ್ಕೆಯನ್ನು ಕೆಳಗಿಡದೆ ಸೊಂಟದಲ್ಲೇ ಹೊತ್ತಿದ್ದಾರೆ. ಕತ್ತಿ ಬಲಗೆನ್ನೆ ಮುಗಿಸುತ್ತದೆ, ಎಡಗೆನ್ನೆ ಮುಗಿಸುತ್ತದೆ, ಗಂಟಲನ್ನೂ ದಾಟುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ, ತುಟಿಯ ಕೆಳಗಿನ ಬಿಳಿ ನೊರೆಯಲ್ಲಿ ಸಣ್ಣಗೆ ಕೆಂಪು ಕಾಣಿಸುತ್ತದೆ.

ಶಾಂತರಾಜು ಓಡಿ ಹೋಗಿ ಅವರಿಗೆ ಅಡ್ಡಲಾಗಿ ನಿಲ್ಲುತ್ತಾರೆ. "ಅಣ್ಣ, ಮೊಡವೆ ಇತ್ತು ಅಲ್ಲಿ, ನಾನೇ ರಾತ್ರಿ ನೋಡಿದ್ದಿ. ಪಟಿಕ ಒತ್ಕ. ಯಾರೂ ನೋಡಿಲ್ಲ."

"ನಾನ್ ನೋಡಿದ್ನಲ್ಲ ಲೇ," ಎನ್ನುತ್ತಾರೆ ಪುಟ್ಟಸಿದ್ದಯ್ಯ.

"ವೈಶಾಖ ಇನ್ನೆಷ್ಟು ದೂರ ಅದಣ್ಣ? ಮೆಲ್ಲಗೆ ಓಡ್ಸು. ನಾ ಇಲ್ವಾ ಪಕ್ಕದಲ್ಲಿ?"

ಪುಟ್ಟಸಿದ್ದಯ್ಯ ಕತ್ತಿಯನ್ನು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ ಮಡಚುತ್ತಾರೆ. ಆಮೇಲೆ ಮುಖ ತೊಳೆದು ಖಾಕಿ ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುತ್ತಾರೆ. ಡಿಪೋಗೆ ತಾವೇ ಫೋನು ಮಾಡುತ್ತಾರೆ. ಇನ್ನು ಮೇಲೆ ಡಿಪೋ ಒಳಗಿನ ಕೆಲಸ ಯಾವುದಿದ್ದರೂ ಕೊಡಿ, ಬಸ್ಸು ಬೇಡ ಎನ್ನುತ್ತಾರೆ. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನಮ್ಮಪ್ಪನ್ಗೆ ಏನಂತ ಏಳ್ಲಿ ಸಾ, ಇನ್ ಮೂರೇ ತಿಂಗ್ಳು, ಕಣ್ಮುಚ್ಕ ಅಂತ್ಲಾ?" ಎಂದು ನಗಲು ಹೋಗುತ್ತಾರೆ. ನಗು ಬರುವುದಿಲ್ಲ.

ರಾಮಾಪುರದ ಚಾಲಕರು ಬರುವವರೆಗೆ ಈ ಸಲ ಯಾರೂ ಗೊಣಗಲಿಲ್ಲ. ಬಸ್ಸಿನ ಸೀಟುಗಳೆಲ್ಲ ತುಂಬಿವೆ. ಪುಟ್ಟಸಿದ್ದಯ್ಯ ಎಲ್ಲಿ ಕೂರುವುದೆಂದು ತಿಳಿಯದೆ ನಡುವೆ ನಿಂತುಬಿಡುತ್ತಾರೆ. ತಾವು ಓಡಿಸುವ ಬಸ್ಸಿನಲ್ಲಿ ಅವರು ಸೀಟು ಹುಡುಕಿದ್ದೇ ಇಲ್ಲ. ಚಿಕ್ಕಬಸಮ್ಮ ಕುಕ್ಕೆಯನ್ನು ಕಾಲ ಬುಡಕ್ಕೆ ಎಳೆದುಕೊಂಡು ಸರಿಯುತ್ತಾರೆ. "ಬಾ ಡ್ರೈವರಪ್ಪ, ಕಿಟಕಿ ಪಕ್ಕ ಕುಂತ್ಕ. ಅವತ್ತು ಬೈದೆ ಅಂತ ಮನ್ಸಲ್ ಮಡಿಕಬ್ಯಾಡ."

ಬಸ್ಸು ಹೊರಡುತ್ತದೆ. ಮೊದಮೊದಲು ತಿರುವು ಬಂದಾಗಲೆಲ್ಲ ಪುಟ್ಟಸಿದ್ದಯ್ಯನವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ರಾಮಾಪುರ ದಾಟಿದ ಮೇಲೆ ಕಾಲು ಸುಮ್ಮನಾಗುತ್ತದೆ. ಬಿಸಿಲು ಬಿದ್ದ ಕೆರೆಯೊಂದು ಕಿಟಕಿಯುದ್ದಕ್ಕೂ ಜೊತೆಗೆ ಓಡಿ ಬರುತ್ತಿದೆ, ನೀರಿನ ಮೇಲೆ ಬಿಳಿ ಹಕ್ಕಿಗಳ ಸಾಲು. ಅವರು ಅದನ್ನೇ ನೋಡುತ್ತಾ ಕೂರುತ್ತಾರೆ.

"ಅಲ್ಲಕ್ಕ, ಈ ಕೆರೆ ಇಷ್ಟ್ ದೊಡ್ಡದಾ? ಇಷ್ಟ್ ವರ್ಷ ಇದೇ ದಾರೀಲಿ ಓಡಾಡ್ದೆ, ಇವತ್ತೇ ಕಾಣ್ತಿರೋದು ನಂಗೆ."

"ನೀನು ಮುಂದಕ್ ನೋಡ್ತಿದ್ದಲ್ಲಪ್ಪ," ಎನ್ನುತ್ತಾರೆ ಚಿಕ್ಕಬಸಮ್ಮ. "ಅದ್ಕೇ ನಾವು ಕೆರೆ ನೋಡ್ಕಂಡು ಓಯ್ತಿದ್ದೋ."