ಹುಣ್ಣಿಗೆ ಬಟ್ಟೆ ಕಟ್ಟಲು ಕಲಿಯಹೋದದ್ದು

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹೆರಿಗೆ, ಹಾವು ಕಡಿತ, ವಾಂತಿಭೇದಿ ಯಾವುದಕ್ಕೂ ಹೆದರಿದವಳಲ್ಲ. ಹತ್ತಿರದ ಶಾಗ್ಯ ಹಳ್ಳಿಯ ಒಬ್ಬ ಮುದುಕಿ ಬಂದಾಗ ಮಾತ್ರ ಕೈಸೋತೆ.

ಹೊಗೆಸೊಪ್ಪು ಅಗಿದೂ ಅಗಿದೂ ಆಕೆಯ ಬಾಯಿಗೆ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟು, ಇನ್ನು ಮಾಡುವುದೇನಿಲ್ಲವೆಂದು ಕಳಿಸಿದ್ದರು. ಹುಣ್ಣು ಕೆನ್ನೆಯ ಹೊರಕ್ಕೆ ಒಡೆದಿತ್ತು. ವಾಸನೆ ತಾಳಲಾರದೆ ಪಕ್ಕದ ಮಂಚದವರು ವರಾಂಡಕ್ಕೆ ಎದ್ದುಹೋದರು.

"ಮನೇಲೂ ಕೊಟ್ಗೇಲೇ ಮಲಗಿಸ್ತಿದ್ವಿ ಸಿಸ್ಟ್ರಮ್ಮಾ. ಮಕ್ಳು ಅನ್ನ ಉಣ್ತಿರ್ನಿಲ್ಲ, ಏನ್ಮಾಡನ?" ಎಂದು ಸೊಸೆ ತಲೆ ತಗ್ಗಿಸಿದಳು.

ಹುಣ್ಣಿಗೆ ಒಣಗಿ ಅಂಟಿಕೊಂಡಿದ್ದ ಬಟ್ಟೆಯನ್ನು ಎಳೆದೆ. ರಕ್ತ ಹರಿಯಿತು. ಮುದುಕಿ ನನ್ನ ಕೈ ಹಿಡಿದು ತೊದಲಿದಳು: "ನಿಂಗೂ ಗೊತ್ತಿಲ್ವಾ ಮಗಾ?"

"ಕಲಿತು ಬರ್ತೀನಿ ಅವ್ವಾ," ಎಂದುಬಿಟ್ಟೆ.

ಡಾಕ್ಟರನ್ನು ಕೇಳಿದರೆ, "ನಂಗೂ ಯಾರೂ ಹೇಳಿಕೊಟ್ಟಿಲ್ಲಮ್ಮ," ಎಂದರು. ಬೆಂಗಳೂರಿನ ಕ್ಯಾನ್ಸರ್ ವಾರ್ಡಿಗೆ ತರಬೇತಿಗೆ ಕಳಿಸಿ ಎಂಬ ನನ್ನ ಅರ್ಜಿಗೆ ಅವರೇ ಶಿಫಾರಸು ಬರೆದರು. ತಾಲ್ಲೂಕು ಆಸ್ಪತ್ರೆಗೆ ಅಂಥ ಹುದ್ದೆಯೇ ಇಲ್ಲವೆಂದು ಅದು ವಾಪಸು ಬಂತು. ಮತ್ತೆ ಬರೆದೆ. ಈ ಸಲ ಬಂದದ್ದು ಯಳಂದೂರಿಗೆ ವರ್ಗಾವಣೆ. ವಿಚಾರಿಸಲು ಮೈಸೂರಿನ ಕಚೇರಿಗೆ ಹೋದೆ. ಗುಮಾಸ್ತರು ಫೈಲಿನಿಂದ ಮುಖವೆತ್ತದೆ, "ಹೆರಿಗೆ ಮಾಡಿಸ್ಕೊಂಡಿರಿ ಸಿಸ್ಟರ್, ಇದನ್ನ ಕಲ್ತು ಏನು ಮಾಡ್ತೀರಿ?" ಎಂದರು.

ಅಷ್ಟರಲ್ಲಿ ಮುದುಕಿಯನ್ನು ಮನೆಯವರು ಊರಿಗೆ ಕರೆದೊಯ್ದಿದ್ದರು. ತಿಂಗಳು ರಜೆ ಹಾಕಿ ಬೆಂಗಳೂರಿಗೆ ನಾನೇ ಹೋದೆ. ಅಲ್ಲಿನ ವಾರ್ಡಿನ ಹಿರಿಯ ಸಿಸ್ಟರಿಗೆ ಕೈಮುಗಿದು ಕೇಳಿಕೊಂಡೆ. ಅವರು ಹಿಂದೆ ನಿಂತು ನೋಡಲು ಬಿಟ್ಟರು. ಬಟ್ಟೆ ಬಿಚ್ಚುವ ಮೊದಲೇ ನೋವಿನ ಔಷಧಿ ಕೊಡಬೇಕು, ಕಾಯಿಸಿ ಆರಿಸಿದ ಉಪ್ಪುನೀರು ಸುರಿದು ಬಟ್ಟೆ ತಾನಾಗಿ ಬಿಡುವವರೆಗೆ ಕಾಯಬೇಕು. ಇಷ್ಟೇ! ಇಷ್ಟು ತಿಳಿಯದೆ ಆ ಜೀವವನ್ನು ಎಷ್ಟು ಗೋಳಾಡಿಸಿದೆ ಎಂದು ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ರಜೆ ಮುಗಿಯುವ ಮುಂಚೆಯೇ ಬಸ್ಸು ಹಿಡಿದು ಶಾಗ್ಯಕ್ಕೆ ಹೋದೆ. ಕೊಟ್ಟಿಗೆ ಖಾಲಿಯಿತ್ತು. ಮುದುಕಿ ತೀರಿಕೊಂಡು ಎಂಟು ದಿನವಾಗಿತ್ತು.

"ಕೊನೇಗೆ ಯಾರ್ಗೂ ಬಟ್ಟೆ ಬಿಚ್ಚಕ್ಕೇ ಬಿಡ್ನಿಲ್ಲ," ಎಂದಳು ಸೊಸೆ. "ಸಿಸ್ಟ್ರಮ್ಮ ಕಲ್ತ್ಕಂಡ್ ಬತ್ತದೆ, ಅದೇ ಬಿಚ್ಲಿ ಅಂತಿದ್ರು."

ಅವಳು ನೀರು ತಂದುಕೊಟ್ಟಳು. ಲೋಟವನ್ನು ಜಗಲಿಯ ಮೇಲಿಟ್ಟು ಬಸ್ಸಿಗೆ ಹೊರಟೆ.

ಉಳಿದ ರಜೆ ಬಿಟ್ಟು ಮರುದಿನವೇ ಯಳಂದೂರಿನಲ್ಲಿ ಕೆಲಸಕ್ಕೆ ಹಾಜರಾದೆ. ಹೆರಿಗೆ ವಾರ್ಡು ಕೊಟ್ಟರು. ಅಲ್ಲಿಂದ ಬರೆದ ಮೂರನೆಯ ಅರ್ಜಿಗೆ ಉತ್ತರ ಬರಲೇ ಇಲ್ಲ. ನಿವೃತ್ತಿಯಾಗುವಾಗ ನೋಡಿದರೆ, ಬೆಂಗಳೂರಿನ ಆ ದಿನಗಳು ನನ್ನ ಸೇವಾ ಪುಸ್ತಕದಲ್ಲಿ ಬರೀ ರಜೆ ಎಂದು ದಾಖಲಾಗಿದ್ದವು.