ವಿದೋಸಾವಾಳ ಎಪ್ಪತ್ತೈದು ಡಿಗ್ರಿ

ವಿದೋಸಾವಾ ಇಪ್ಪತ್ತೊಂಬತ್ತು ವರ್ಷ ಗೆರೆ ಎಳೆದಳು. ನೀಶ್ ಪಟ್ಟಣದ ಮೀಟರು ಕಾರ್ಖಾನೆಯಲ್ಲಿ ಅವಳ ಕೆಲಸ ಅಷ್ಟೇ: ಬಿಳಿ ಬಣ್ಣ ಬಳಿದ ತಗಡಿನ ಮೇಲೆ ಕಮಾನಿನಂತೆ ಗೆರೆಗಳನ್ನು ಎಳೆದು ಅಂಕಿ ಬರೆಯುವುದು. ಸಾವಿರಗಟ್ಟಲೆ ಹೋಗುವ ಮೀಟರುಗಳ ಡಯಲು ಅಚ್ಚಿನಲ್ಲೇ ಆಗುತ್ತಿತ್ತು. ಯಾರಾದರೂ ಒಂದೇ ಒಂದು ಬೇಕು, ಅದೂ ಬೇರೆ ಥರ ಬೇಕು ಎಂದರೆ ಅದು ಅವಳ ಮೇಜಿಗೆ ಬರುತ್ತಿತ್ತು. ಒಂದೊಂದು ಮುಳ್ಳಿಗೂ ಒಂದೊಂದು ನಡಿಗೆ. ಒಂದು ಶುರುವಿನಲ್ಲಿ ಸೋಮಾರಿ, ಇನ್ನೊಂದಕ್ಕೆ ಕೊನೆಕೊನೆಗೆ ಅವಸರ. ಆ ನಡಿಗೆಯನ್ನು ನೋಡಿ ಪೆನ್ಸಿಲಿನಲ್ಲಿ ಗುರುತು ಮಾಡಿ, ಆಮೇಲೆ ಶಾಯಿ ಹಾಕಬೇಕು. ಸಮನಾಗಿ ಗೆರೆ ಎಳೆಯುವುದು ಯಾವ ಕತ್ತೆಗೂ ಬರುತ್ತದೆ, ಅಸಮವಾಗಿದ್ದೂ ಸರಿಯಾಗಿರುವಂತೆ ಎಳೆಯುವುದೇ ವಿದ್ಯೆ ಎಂದು ಅವಳು ಹೇಳುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೂ ಇದೇ ಉತ್ತರ ಕೊಡುತ್ತಿದ್ದಳು.

ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅವಳು ಟೊಪ್ಲಿತ್ಸಾ ಹೊಳೆಯ ಪಕ್ಕದ ತನ್ನ ಊರಿಗೆ ಬಂದು, ಕೋಳಿ ಸಾಕಿಕೊಂಡು ಇದ್ದಳು. ಅವಳು ಎಳೆದ ಡಯಲುಗಳು ಯಾವ ಯಾವ ದೇಶದ ಯಾವ ಗೋಡೆಯ ಮೇಲಿದ್ದವೋ, ಇದ್ದವೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ. ಎಲ್ಲಿದೆ ಎಂದು ಗೊತ್ತಿದ್ದದ್ದು ಒಂದೇ. ಊರಿನ ಸಹಕಾರ ಸಂಘದ ಪ್ಲಮ್ ಒಣಗಿಸುವ ಮನೆಯಲ್ಲಿ, ಒಲೆಯ ಬಾಗಿಲ ಮೇಲೆ, ಒಳಗಿನ ಬಿಸಿ ತೋರಿಸುವ ಮೀಟರು. ಮೂವತ್ತೊಂಬತ್ತು ವರ್ಷದ ಹಿಂದೆ ಸಂಘಕ್ಕಾಗಿ ಅವಳೇ ಬರೆದದ್ದು. ಪ್ರತಿ ವರ್ಷ ಹಣ್ಣು ಒಣಗಿಸುವ ಕಾಲದಲ್ಲಿ ಏನಾದರೂ ನೆಪ ಮಾಡಿಕೊಂಡು ಹೋಗಿ ಅದನ್ನು ನೋಡಿ ಬರುತ್ತಿದ್ದಳು. ನೆಪ ಹೆಚ್ಚಾಗಿ ಮೊಟ್ಟೆ.

ಆ ಚಳಿಗಾಲ ಒಣಗಿಸುವ ಮನೆಯ ಸೂರು ಸೋರಿತು. ನೀರು ನೇರ ಮೀಟರಿನೊಳಕ್ಕೇ ಇಳಿದು, ತಗಡು ತುಕ್ಕು ಹಿಡಿದು, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಮುಳ್ಳು ಮಾತ್ರ ಗಟ್ಟಿಯಾಗಿ ನಿಂತು, ಏನೂ ಇಲ್ಲದ ಕಡೆ ಬೆರಳು ತೋರಿಸುತ್ತಿತ್ತು.

ಸಂಘದ ಮ್ಯಾನೇಜರು ಗೊರ್ದಾನಾ, ನಲವತ್ತು ದಾಟದ ಚುರುಕು ಹೆಂಗಸು, ಇದನ್ನು ನೋಡಿ ದುಃಖಪಡಲಿಲ್ಲ. "ಹಳೇದೆಲ್ಲ ಕಿತ್ತು ಬಿಸಾಕಿ ಅಂಕಿ ಮಿನುಗೋ ಮೀಟರು ಹಾಕಿಸ್ತೀನಿ, ವಿದಾ ಚಿಕ್ಕಮ್ಮ. ಕುರುಡನಿಗೂ ಕಾಣಿಸತ್ತೆ."

"ಕುರುಡನಿಗೆ ಕಾಣಿಸಿ ಏನಾಗಬೇಕು? ಆ ಡಯಲು ನನಗೆ ಕೊಡು, ಹೊಸದು ಬರೀತೀನಿ."

"ಆಗಸ್ಟ್ ಕೊನೇಲಿ, ಮಾತೆ ಮರಿಯಾಳ ಹಬ್ಬ ಆದ ಮಾರನೇ ದಿನ ಹಣ್ಣು ಬರತ್ತೆ. ಅಷ್ಟರಲ್ಲಿ ಆಗತ್ತಾ?"

"ಅಷ್ಟು ದಿನದಲ್ಲಿ ನಾನು ಒಂದು ವಿದ್ಯುತ್ ಕೇಂದ್ರಕ್ಕೆ ಆಗೋಷ್ಟು ಬರೀತಿದ್ದೆ," ಎಂದಳು ವಿದೋಸಾವಾ. ಅದು ಸುಳ್ಳಲ್ಲ. ಬರೆಯುತ್ತಿದ್ದಳು.

ಈಗ ಅವಳ ಬಲಗೈ ನಡುಗುತ್ತಿತ್ತು. ಎರಡು ವರ್ಷದಿಂದ. ಯಾರಿಗೂ ಹೇಳಿರಲಿಲ್ಲ. ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು, ಯಾಕೆ ಎಂದರೆ ಚಳಿ ಎನ್ನುತ್ತಿದ್ದಳು. ಜುಲೈ ತಿಂಗಳಲ್ಲೂ ಚಳಿ ಎಂದೇ ಹೇಳಿದಳು. ಗೆರೆ ಎಳೆಯುವವಳ ಕೈ ಹೋಯಿತು ಎಂದು ಊರು ಮರುಗುವುದನ್ನು ಅವಳಿಂದ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಆ ಮರುಕಕ್ಕಿಂತ ಮಿನುಗುವ ಅಂಕಿಯೇ ವಾಸಿ. ಆದರೆ ಮಿನುಗುವ ಅಂಕಿ ಬಂದರೆ ಅವಳಿಗೆ ಗೊತ್ತಿದ್ದ ಒಂದೇ ಡಯಲು ಗುಜರಿಗೆ. ಎರಡನ್ನೂ ತಡೆಯಬೇಕಿತ್ತು, ಆದರೆ ಕೈ ಅವಳ ಮಾತು ಕೇಳುತ್ತಿರಲಿಲ್ಲ.

ಮೂರು ದಿನ ಬೆಳಗ್ಗೆ ಅಡುಗೆಮನೆಯ ಕಿಟಕಿ ಪಕ್ಕ ಕೂತು ಗೆರೆ ಎಳೆಯಲು ಪ್ರಯತ್ನಪಟ್ಟಳು. ಮೂರನೆಯ ದಿನ ಪಕ್ಕದ ಮನೆಯ ತಿಹೊಮಿರ್ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದನ್ನು ಅವಳು ನೋಡಲಿಲ್ಲ. ಶಾಲೆಯಲ್ಲಿ ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ರೇಡಿಯೋ ಕಟ್ಟುವ ಹುಚ್ಚು. ಮೇಜಿನ ಮೇಲೆ ಹರಡಿದ್ದ ಕಾಗದಗಳ ಮೇಲಿನ ಗೆರೆಗಳನ್ನು ನೋಡಿದರು. ಕೋಳಿ ಕೆದಕಿದ ಹಾಗಿದ್ದವು. ಮೇಷ್ಟ್ರು ಮನೆಗೆ ಹೋಗಿ ಕಂಪ್ಯೂಟರು ತಂದು ಮೇಜಿನ ಮೇಲಿಟ್ಟರು.

"ಡಯಲು ಬರೆಯೋ ಪ್ರೋಗ್ರಾಮ್ ಇದೆ ನನ್ನ ಹತ್ರ. ನಾವು ರೇಡಿಯೋದವರು ಎಲ್ಲಾ ಇದರಲ್ಲೇ ಮಾಡ್ಕೊಳ್ಳೋದು. ಬರೆದು ಅಚ್ಚು ಹಾಕಿ ಅಂಟಿಸಿದರೆ ಮುಗೀತು."

"ಗೊತ್ತು ನಿಮ್ಮ ಡಯಲು. ರಾಕಿಯಾ ಸಾರಾಯಿ ಪೀಪಾಯಿಗೆ ಮೀಟರು ಹಾಕಿದೀರಲ್ಲ, 'ಚೆನ್ನಾಗಿದೆ', 'ಬಹಳ ಚೆನ್ನಾಗಿದೆ', 'ಬೀಗರಿಗೆ ಸಾಕು' ಅಂತ."

"ಅದು ತಪ್ಪು ತೋರಿಸಿದ್ದು ಒಂದು ದಿನವೂ ಇಲ್ಲ," ಎಂದರು ಮೇಷ್ಟ್ರು.

ವಿದೋಸಾವಾ ಮೊದಲ ದಿನ ಪ್ರೋಗ್ರಾಮನ್ನು ಬಯ್ಯುವುದಕ್ಕಷ್ಟೇ ನೋಡಿದಳು. ಕಮಾನು ಎಷ್ಟು ಅಗಲ, ಗೆರೆ ಎಷ್ಟು ದಪ್ಪ, ಅಂಕಿ ಎಷ್ಟು ದೊಡ್ಡದು, ಎಲ್ಲ ಕೇಳುತ್ತಿತ್ತು. ಕೇಳುವ ಕ್ರಮ ಚೆನ್ನಾಗಿತ್ತು, ಅದೇ ಅವಳಿಗೆ ಸಿಟ್ಟು ತಂದದ್ದು. ಎರಡನೆಯ ದಿನ ಮೇಷ್ಟ್ರು ಒಂದು ಪಟ್ಟಿ ತೆರೆದು, ಮುಳ್ಳು ನಿಜವಾಗಿ ಎಲ್ಲೆಲ್ಲಿ ನಿಲ್ಲುತ್ತದೋ ಅದನ್ನೂ ಇಲ್ಲಿ ಬರೆಯಬಹುದು, ಗೆರೆಗಳು ಸಮನಾಗಿರಬೇಕಾಗಿಲ್ಲ ಎಂದು ತೋರಿಸಿದರು. ವಿದೋಸಾವಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಇದನ್ನು ಬರೆದವನು ಕತ್ತೆಯಲ್ಲ ಎಂದು ಒಪ್ಪಿಕೊಂಡಳು.

ಮೀಟರನ್ನು ಬಿಚ್ಚಿ ತಂದರು. ಅದರ ತಂತಿಯ ತುದಿಯನ್ನು ಎಣ್ಣೆಯ ಪಾತ್ರೆಯಲ್ಲಿ ಇಳಿಸಿ ಕಾಯಿಸುತ್ತಾ, ಪಕ್ಕದಲ್ಲಿ ಗಾಜಿನ ಥರ್ಮಾಮೀಟರು ಹಿಡಿದು, ನಲವತ್ತು, ಐವತ್ತು, ಅರವತ್ತು ಎಂದು ಮುಳ್ಳು ನಿಂತ ಜಾಗವನ್ನೆಲ್ಲ ಪಟ್ಟಿಗೆ ಸೇರಿಸಿದರು. ಅಚ್ಚಾಗಿ ಬಂದ ಕಾಗದವನ್ನು ವಿದೋಸಾವಾ ತಗಡಿನ ಮೇಲೆ ಇಡುವ ಮುಂಚೆಯೇ ಚಿಕ್ಕದಾಯಿತು ಎಂದಳು. ಅಳತೆ ಹಿಡಿದು ನೋಡಿದರೆ ನೂರಕ್ಕೆ ಎರಡರಷ್ಟು ಚಿಕ್ಕದು. ಅಚ್ಚಿನ ಯಂತ್ರ ತನ್ನಷ್ಟಕ್ಕೇ ಪುಟಕ್ಕೆ ಹೊಂದಿಸಿಬಿಟ್ಟಿತ್ತು. ಕೈ ಹೋದರೂ ಕಣ್ಣು ಹೋಗಿರಲಿಲ್ಲ. ಆ ದಿನ ಅವಳು ಮೇಷ್ಟ್ರಿಗೆ ಊಟ ಹಾಕಿ ಕಳಿಸಿದಳು, ಹುರುಳಿಕಾಯಿ ಸಾರು, ಮೇಲೆ ಎರಡು ಲೋಟ ರಾಕಿಯಾ.

ಹಬ್ಬಕ್ಕೆ ಎರಡು ದಿನ ಮುಂಚೆ ಮೀಟರು ಗೋಡೆ ಹತ್ತಿತು. ಗೊರ್ದಾನಾ ತನ್ನ ಥರ್ಮಾಮೀಟರು ಒಳಗಿಟ್ಟು ಹೋಲಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಕೈ ಇನ್ನೂ ಹಾಗೇ ಇದೆಯಲ್ಲ ಚಿಕ್ಕಮ್ಮ!" ಎಂದಳು. ವಿದೋಸಾವಾ ಕೈಯನ್ನು ಮೇಲಂಗಿಯ ಜೇಬಿನಲ್ಲೇ ಇಟ್ಟುಕೊಂಡು ಹೌದು ಎಂದಳು. ಮೇಷ್ಟ್ರು ಸೂರಿನ ಕಡೆ ನೋಡಿದರು.

ಒಲೆಗೆ ಮೊದಲ ಸಲ ಹಾಕಿದ ಹಣ್ಣು ಹಸಿಯಾಗಿ ಬಂತು. ಮೇಲೆ ಸುಕ್ಕು, ಒಳಗೆ ರಸ. ಎರಡನೆಯ ಸಲದ್ದೂ ಹಾಗೇ. ಒಲೆ ನೋಡಿಕೊಳ್ಳುವ ಝಿವಾದಿನ್, ಅಪ್ಪನ ಕಾಲದಿಂದ ಅದೇ ಕೆಲಸದಲ್ಲಿ ಇರುವವನು, ಹಣ್ಣನ್ನು ಎರಡು ಬೆರಳಲ್ಲಿ ಹಿಸುಕಿ ಗೊರ್ದಾನಾಳ ಮುಂದೆ ಹಿಡಿದ.

"ನಾನು ಎಪ್ಪತ್ತೈದರಿಂದ ಕೆಳಗೆ ಇಳಿಸೇ ಇಲ್ಲ. ಅಪ್ಪನಾಣೆ. ಮೀಟರೇ ಸುಳ್ಳು ಹೇಳ್ತಿದೆ."

"ಮೀಟರು ಸರಿ ಇದೆ, ನಾನೇ ನೋಡಿದೀನಿ. ಯಾರದು ತಪ್ಪು ಅಂತ ಹುಡುಕ್ತಾ ಕೂರೋಕೆ ಹಣ್ಣು ಕಾಯಲ್ಲ. ಶುಕ್ರವಾರ ಹೊಸ ಮೀಟರು ಹಾಕಿಸಿಬಿಡ್ತೀನಿ," ಎಂದಳು ಗೊರ್ದಾನಾ.

ಅದು ಮಂಗಳವಾರ. ಬುಧವಾರ ವಿದೋಸಾವಾ ಮೊಟ್ಟೆಯ ನೆಪವೂ ಇಲ್ಲದೆ ಹೋಗಿ ಒಣಗಿಸುವ ಮನೆಯಲ್ಲಿ ನಿಂತಳು. ನಿಂತು ಮೀಟರನ್ನು ನೋಡಲಿಲ್ಲ, ಝಿವಾದಿನನನ್ನು ನೋಡಿದಳು. ಅವನು ಎಡಗೋಡೆಯ ಬೆಂಚಿನ ಮೇಲೆ ಕಾಫಿ ಹಿಡಿದು ಕೂತಿದ್ದ. ಆಗಾಗ ಕತ್ತು ಹೊರಳಿಸಿ ಓರೆಯಾಗಿ ಮೀಟರು ನೋಡುತ್ತಿದ್ದ. ಎದ್ದು ಹೋಗಿ ಸೌದೆ ತಳ್ಳಿ ಬಂದು ಮತ್ತೆ ಕೂರುತ್ತಿದ್ದ.

"ನೀನು ಎದುರಿಗೆ ನಿಂತು ನೋಡಲ್ವೇನೋ?"

"ಎದುರಿಗಾ? ಹಿಂದುಗಡೆ ಬಾಗಿಲು, ಮುಂದುಗಡೆ ಕಿಟಕಿ. ಅಡ್ಡಗಾಳಿ ಹೊಡೆಯತ್ತೆ. ಸೊಂಟ ಹಿಡ್ಕೊಂಡರೆ ನೀನು ಬಂದು ಉಜ್ಜುತೀಯಾ? ನಮ್ಮಪ್ಪಾನೂ ಇಲ್ಲೇ ಕೂತು ನೋಡ್ತಿದ್ದ."

ಬಾಗಿಲು ಮುಚ್ಚಿದರೆ ಹೊಗೆ. ಕಿಟಕಿ ಮುಚ್ಚಿದರೆ ಉಸಿರುಗಟ್ಟುತ್ತದೆ. ಅಡ್ಡಗಾಳಿಯಲ್ಲಿ ನಿಲ್ಲು ಎಂದು ಒಬ್ಬ ಮನುಷ್ಯನಿಗೆ ಹೇಳುವುದು ಆ ಸೀಮೆಯಲ್ಲಿ ಸಾಯಿ ಎಂದು ಹೇಳಿದ ಹಾಗೆ. ವಿದೋಸಾವಾ ಹೇಳಲಿಲ್ಲ. ಅವನನ್ನು ಆಚೆ ಸರಿಸಿ ತಾನೇ ಬೆಂಚಿನ ಮೇಲೆ ಕೂತಳು. ಅಲ್ಲಿಂದ ನೋಡಿದರೆ ಮುಳ್ಳು ಎಪ್ಪತ್ತೈದರ ಮೇಲಿತ್ತು. ಎದ್ದು ಎದುರಿಗೆ ಹೋಗಿ ನೋಡಿದರೆ ಎಪ್ಪತ್ತೆರಡು. ಮುಳ್ಳು ಡಯಲಿಗೆ ಅಂಟಿಕೊಂಡಿರುವುದಿಲ್ಲ, ನಡುವೆ ಸಂದು ಇರುತ್ತದೆ, ಎಡದಿಂದ ನೋಡಿದವನಿಗೆ ಅದು ಬಲಕ್ಕೆ ಸರಿದು ಕಾಣುತ್ತದೆ.

ಆಗ ಅವಳಿಗೆ ನೆನಪಾಯಿತು. ಮೂವತ್ತೊಂಬತ್ತು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಝಿವಾದಿನನ ಅಪ್ಪ ಕೂತಿದ್ದ, ಏಳುವುದಿಲ್ಲ ಎಂದಿದ್ದ. ಆಗ ಅವಳು ವಾದ ಮಾಡದೆ ಅವನ ಪಕ್ಕದಲ್ಲೇ ಕೂತು, ಗೆರೆಗಳನ್ನೆಲ್ಲ ಒಂದಿಷ್ಟು ಬಲಕ್ಕೆ ಸರಿಸಿ ಬರೆದಿದ್ದಳು. ಆ ಮೀಟರು ಅಷ್ಟು ವರ್ಷವೂ ತಪ್ಪಾಗಿತ್ತು. ಬೆಂಚಿನಿಂದ ಮಾತ್ರ ಸರಿಯಾಗಿತ್ತು. ಹಣ್ಣು ಒಣಗಿದ್ದೇ ಹಾಗೆ. ತನ್ನ ಕೆಲಸವನ್ನು ತಾನೇ ಮರೆತದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಹಾಗೆ ಒಂದು ಕೆಲಸ ಮಾಡಿದ್ದೆನಲ್ಲ ಎಂದು ಖುಷಿಯೂ ಆಯಿತು.

ಮೇಷ್ಟ್ರಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು.

"ಸರಿ ಇರೋದನ್ನ ಬೇಕು ಅಂತ ತಪ್ಪು ಮಾಡೋದಾ? ಮಕ್ಕಳಿಗೆ ನಲವತ್ತು ವರ್ಷ ಏನು ಹೇಳಿಕೊಟ್ಟೆ ನಾನು? ಮೀಟರನ್ನ ನೇರ ನಿಂತು ಓದಬೇಕು ಅಂತ!"

"ಅವರಲ್ಲಿ ಝಿವಾದಿನ್‌ನೂ ಒಬ್ಬ. ಕಲಿತನಾ?"

"ಅವನು ಕಿಟಕಿ ಪಕ್ಕದ ಬೆಂಚಲ್ಲಿ ಕೂರ್ತಿರಲಿಲ್ಲ," ಎಂದು ಮೇಷ್ಟ್ರು ಒಪ್ಪಿಕೊಂಡರು. "ಗಾಳಿ ಅಂತಿದ್ದ."

ಗುರುವಾರ ಕಂಪ್ಯೂಟರನ್ನು ಒಣಗಿಸುವ ಮನೆಗೇ ಹೊತ್ತರು. ವಿದೋಸಾವಾ ಬೆಂಚಿನ ಮೇಲೆ ಕೂತು, ಮುಳ್ಳು ಎಲ್ಲಿ ಕಾಣುತ್ತದೋ ಅಲ್ಲಿಗೆ ಗೆರೆ ಸರಿಸಿ ಎಂದು ಹೇಳುತ್ತಾ ಹೋದಳು, "ಬಲಕ್ಕೆ, ಇನ್ನೂ, ಸಾಕು, ಸಾಕು ಅಂದೆ." ಮೇಷ್ಟ್ರು ಅಡ್ಡಗಾಳಿಯಲ್ಲಿ ನಿಂತು, ಕತ್ತಿಗೆ ಶಾಲು ಸುತ್ತಿಕೊಂಡು, ಪಟ್ಟಿಯ ಅಂಕಿಗಳನ್ನು ಒಂದೊಂದಾಗಿ ಕೆಡಿಸಿದರು. ಸಂಜೆಗೆ ಹೊಸ ಡಯಲು ಕೂತಿತು. ಆಗ ಒಲೆಗೆ ಹಾಕಿದ ಹಣ್ಣು ಶುಕ್ರವಾರ ಮಧ್ಯಾಹ್ನ ಕಪ್ಪಗೆ, ಒತ್ತಿದರೆ ಮೆತ್ತಗೆ, ಸರಿಯಾಗಿ ಹೊರಬಂತು.

ಅದೇ ಮಧ್ಯಾಹ್ನ ಹಣ್ಣು ಕೊಳ್ಳುವವರ ಕಡೆಯ ತಪಾಸಣೆಗಾರನೂ ಬಂದ. ಹಸಿ ಹಣ್ಣಿನ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಮೀಟರಿನ ಎದುರಿಗೆ ನಿಂತು, ಒಲೆಯೊಳಗಿಟ್ಟ ತನ್ನ ಥರ್ಮಾಮೀಟರಿನ ಜೊತೆ ಹೋಲಿಸಿ, ದಾಖಲೆ ಪುಸ್ತಕದಲ್ಲಿ ಬರೆದುಕೊಂಡ. "ಮೂರು ಡಿಗ್ರಿ ಕಮ್ಮಿ ತೋರಿಸ್ತಿದೆ. ಇದು ನಡೆಯಲ್ಲ, ತೆಗೆಸಿ."

ಗೊರ್ದಾನಾಳ ಬಾಯಲ್ಲಿ ಹೊಸ ಮೀಟರಿನ ಮಾತು ಬರುವುದರೊಳಗೆ ಝಿವಾದಿನ್ ಹೇಳಿದ, "ಸಾರ್, ಅಲ್ಲಿ ನಿಲ್ಲಬೇಡಿ. ಅಡ್ಡಗಾಳಿ."

ತಪಾಸಣೆಗಾರ ಹಿಂದೆ ನೋಡಿದ, ಬಾಗಿಲು. ಮುಂದೆ ನೋಡಿದ, ಕಿಟಕಿ. ಕೊರಳಪಟ್ಟಿ ಎತ್ತಿಕೊಂಡು ಥಟ್ಟನೆ ಬಂದು ಬೆಂಚಿನ ಮೇಲೆ ಕೂತ. ಝಿವಾದಿನ್ ಕಾಫಿ ಕೊಟ್ಟ. ಎರಡು ಗುಟುಕು ಆದ ಮೇಲೆ ತಪಾಸಣೆಗಾರ ಕತ್ತು ಹೊರಳಿಸಿ ಮೀಟರು ನೋಡಿದ. ಪುಸ್ತಕದಲ್ಲಿ ಬರೆದ ಥರ್ಮಾಮೀಟರಿನ ಅಂಕಿ ನೋಡಿದ. ಮತ್ತೆ ಮೀಟರು ನೋಡಿದ.

"ಇಲ್ಲಿಂದ ಸರಿ ಇದೆ."

"ಎಲ್ಲರೂ ಇಲ್ಲಿಂದಲೇ ನೋಡೋದು ಸಾರ್."

ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಅವನು ತುಂಬ ಹೊತ್ತು ಅಗಿದ. ಆಮೇಲೆ ಮೊದಲು ಬರೆದದ್ದನ್ನು ಹೊಡೆದುಹಾಕಿ, 'ಕೂತು ನೋಡಿದಾಗ ಸರಿ' ಎಂದು ಬರೆದ. "ಡಯಲು ಯಾರು ಮಾಡಿದ್ದು? ಮಾಡಿದವರು ರುಜು ಹಾಕಬೇಕು."

ಮೇಷ್ಟ್ರು ವಿದೋಸಾವಾಳ ಕಡೆ ಕೈ ತೋರಿಸಿದರು. ಅವಳು ಮೇಷ್ಟ್ರ ಕಡೆ ನೋಡಿದಳು. ಅಚ್ಚು ಹಾಕಿದ್ದು ಅವರು, ರುಜು ಅವರೇ ಹಾಕಿದ್ದರೆ ನಡೆದುಹೋಗುತ್ತಿತ್ತು, ಎಲ್ಲರೂ ಮನೆಗೆ ಹೋಗಬಹುದಿತ್ತು. ಕಾರ್ಖಾನೆಯಲ್ಲಿ ಡಯಲು ಬರೆದವರ ಹೆಸರು ಯಾವ ಕಾಗದದಲ್ಲೂ ಬರುತ್ತಿರಲಿಲ್ಲ, ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಅವಳನ್ನು ರುಜು ಕೇಳಿರಲಿಲ್ಲ. ಕೇಳಿದ್ದು ಈಗ.

ವಿದೋಸಾವಾ ಜೇಬಿನಿಂದ ಕೈ ತೆಗೆದಳು. ಪೆನ್ನು ಹಿಡಿಯುವಾಗಲೇ ಕೈ ನಡುಗಿತು, ಕಾಗದ ಮುಟ್ಟಿದ ಮೇಲೆ ಇನ್ನೂ ಹೆಚ್ಚಾಯಿತು. ಗೊರ್ದಾನಾ ನೋಡಿದಳು, ಝಿವಾದಿನ್ ನೋಡಿದ, ತಪಾಸಣೆಗಾರನೂ ನೋಡಿದ. ಝಿವಾದಿನ್ ಎದ್ದು ಅಡ್ಡಗಾಳಿಯಲ್ಲೇ ಬಂದು ನಿಂತು, ಪುಸ್ತಕ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಅವಳು ಪೂರ್ತಿ ಹೆಸರು ಬರೆದಳು. ತುಂಬ ಹೊತ್ತು ಹಿಡಿಯಿತು.