ಬೀಜಕ್ಕೆ ನೀರು ಹಾಕಿಸಿದವರು

ನಮ್ಮ ಸೈನ್ಸ್ ಮೇಷ್ಟ್ರ ಬಲಗೈ ಉಗುರುಗಳು ನೀಲಿ. ಮೈಲುತುತ್ತದ ಹರಳನ್ನು ನೀರಿನಲ್ಲಿ ಕರಗಿಸಿ ಕರಗಿಸಿ ಹತ್ತಿದ ಬಣ್ಣ. ಮಧುಗಿರಿಯ ಹೈಸ್ಕೂಲಿನಲ್ಲಿ ಅವರು ಬೋರ್ಡಿನ ಮೇಲೆ ಬರೆಯುವಾಗ ನಾವು ಅಕ್ಷರ ಬಿಟ್ಟು ಆ ಉಗುರು ನೋಡುತ್ತಿದ್ದೆವು. ಭಾನುವಾರ ಬಂದರೆ ಸೈಕಲ್ಲಿಗೆ ಅದೇ ಹರಳಿನ ಚೀಲ ನೇತುಹಾಕಿಕೊಂಡು ಹಳ್ಳಿಗಳಿಗೆ ಹೊರಡುವರು. ರಸಾಯನಶಾಸ್ತ್ರ ಬಾಟಲಿಯಲ್ಲಿ ಕೂತಿದ್ದರೆ ಏನುಪಯೋಗ, ಹೊಲಕ್ಕೆ ಹೋಗಬೇಕು ಎನ್ನುವರು.

ಹಾಗೆ ಒಂದು ಸಲ ಪುರವರದ ಹತ್ತಿರದ ನಮ್ಮೂರಿನ ಮನೆಗೂ ಬಂದರು. ನಮ್ಮದು ಹೆಬ್ಬೆಟ್ಟಿನ ಮನೆ. ಸ್ಕೂಲು ಕಂಡವನು ನಾನೊಬ್ಬನೇ. ಅಪ್ಪ ಹೋದ ಮೇಲೆ ಬೇಸಾಯ ಅವ್ವನದು. ಜೋಳದ ಹೊಲದಲ್ಲಿ ಕಾಳಿನ ಬದಲು ಕರಿಪುಡಿ ತುಂಬಿದ ತೆನೆ ವರ್ಷವರ್ಷವೂ ಹೆಚ್ಚುತ್ತಿತ್ತು. ಅದಕ್ಕೆ ಕಾಡಿಗೆ ಎಂದೇ ಹೆಸರು. ಹೆಸರು ಹಾಗಿದ್ದದ್ದರಿಂದ ಅದು ಭೂಮಿತಾಯಿ ಕಣ್ಣಿಗೆ ಹಚ್ಚಿಕೊಂಡದ್ದು ಎಂದು ನಮ್ಮ ಹೆಂಗಸರ ನಂಬಿಕೆ. ಮೊದಲ ಕರಿತೆನೆ ಕಂಡರೆ ಕೈಮುಗಿದು, ಅದರ ಪುಡಿಯಿಂದ ಮಕ್ಕಳ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದರು. ಅದು ರೋಗ, ಬೀಜಕ್ಕೆ ಅಂಟಿಕೊಂಡು ಬರುತ್ತದೆ, ಬಿತ್ತುವ ಮುಂಚೆ ಮೈಲುತುತ್ತದ ನೀರಲ್ಲಿ ನೆನೆಸಿ ಒಣಗಿಸಿದರೆ ಹೋಗುತ್ತದೆ ಎಂದರು ಮೇಷ್ಟ್ರು.

ಮನೆಯಲ್ಲಿದ್ದದ್ದು ಒಂದೇ ಮಡಕೆ ಬೀಜ. ಅದು ಸತ್ತರೆ ಬಿತ್ತನೆಯೂ ಇಲ್ಲ, ನನ್ನ ಸ್ಕೂಲೂ ಇಲ್ಲ.

"ತಾಯಿ ಇಕ್ಕಂಡಿರೋ ಕಾಡಿಗೆ ತೊಳ್ದುಬುಟ್ರೆ ಸುಮ್ಕಿರ್ತಾಳಾ ಸೋಮಿ?" ಎಂದಳು ಅವ್ವ.

ಮೇಷ್ಟ್ರು ವಾದಿಸಲಿಲ್ಲ. "ಮದುವೆ ಹೆಣ್ಣಿಗೆ ಮೊದಲು ಕಾಡಿಗೆ ಹಚ್ತೀರೋ, ನೀರು ಹಾಕ್ತೀರೋ?"

"ನೀರು ಹಾಕ್ದೆ ಯಾರಾನ ಕಾಡಿಗೆ ಇಕ್ತಾರಾ?"

"ಮತ್ತೆ ಬೀಜಕ್ಕೂ ಒಂದು ನೀರು ಹಾಕಮ್ಮ. ಆಮೇಲೆ ಬೇಕಾದರೆ ಹಚ್ಚಿಕೊಳ್ಳಲಿ."

ಅವ್ವ ನಕ್ಕಳು. ಒಳಗೆ ಹೋಗಿ ಮಡಕೆ ತಂದಳು.

ಪಕ್ಕದ ಹೊಲದವನು ಊರೆಲ್ಲ ಹೇಳಿಕೊಂಡು ಬಂದ: "ಬೀಜಕ್ಕೆ ಇಸ ಕುಡ್ಸವ್ಳೆ ಕಣ್ಲಾ, ಇನ್ನು ತಿಥಿ ಊಟ ಹಾಕ್ತಾಳೆ." ಮೊಳಕೆ ಕಾಣುವವರೆಗೆ ಅವ್ವ ಬೆಳಗೆದ್ದ ಕೂಡಲೇ ಹೊಲಕ್ಕೆ ಹೋಗಿ ಸಾಲು ನೋಡಿ ಬರುತ್ತಿದ್ದಳು. ಮೇಷ್ಟ್ರೂ ಸಂಜೆ ಸಂಜೆ ಸೈಕಲ್ ತುಳಿದು ಬಂದು, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಣ್ಣು ನೋಡುತ್ತಿದ್ದರು. ಬೀಜ ಹುಟ್ಟಿತು. ಸುಗ್ಗಿಯಲ್ಲಿ ಹುಡುಕಿದರೂ ಕರಿತೆನೆ ಸಿಗಲಿಲ್ಲ. ಮರುವರ್ಷ ಪಕ್ಕದ ಹೊಲದವನೇ ಮಡಕೆ ಹೊತ್ತು ಬಂದ.

ನಾನು ಬಿ.ಎಸ್ಸಿ. ಓದಲು ಬೆಂಗಳೂರಿಗೆ ಹೊರಟ ದಿನ ದೃಷ್ಟಿಬೊಟ್ಟಿಗೆಂದು ಅವ್ವ ಕರಿತೆನೆ ಹುಡುಕುತ್ತ ಹೊಲವೆಲ್ಲ ಸುತ್ತಿ ಬರಿಗೈಯಲ್ಲಿ ಬಂದಳು. "ನಿಮ್ಮಿಂದ್ಲೇ ಇಂಗಾಗಿದ್ದು, ನೀವೇ ಇಡಿ" ಎಂದು, ಕಳಿಸಿಕೊಡಲು ಬಂದಿದ್ದ ಮೇಷ್ಟ್ರನ್ನು ಗದರಿದಳು. ಅವರು ನೀಲಿ ಹೆಬ್ಬೆರಳನ್ನು ನನ್ನ ಕೆನ್ನೆಗೆ ಒತ್ತಿದರು. ಬಣ್ಣ ಹತ್ತಲಿಲ್ಲ.

ನನ್ನ ಕೈಗೆ ಡಿಗ್ರಿ ಬರುವ ಮೊದಲೇ ಅವರು ತೀರಿಹೋದರು. ನಮ್ಮ ವಂಶಕ್ಕೇ ಮೊದಲ ಪದವಿ. ಅದನ್ನು ಮೊದಲು ತೋರಿಸಬೇಕಾಗಿದ್ದ ಮನುಷ್ಯ ಇರಲಿಲ್ಲ.

ಬಿತ್ತನೆ ಕಾಲ ಬಂದರೆ ನಮ್ಮೂರ ಹೆಂಗಸರು ಈಗಲೂ "ಬೀಜಕ್ಕೆ ನೀರು ಹಾಕ್ದ್ರೇನವ್ವಾ" ಎಂದು ಕೇಳಿಕೊಳ್ಳುತ್ತಾರೆ. ಆ ಮಾತು ಯಾರದೆಂದು ಹೆಚ್ಚಿನವರಿಗೆ ನೆನಪಿಲ್ಲ. ಊರಿಗೆ ಹೋದಾಗ ನಾನೇ ಮಡಕೆಗೆ ಕೈಹಾಕಿ ಹರಳು ಕರಗಿಸುತ್ತೇನೆ. ಉಗುರು ನೀಲಿಯಾಗುತ್ತದೆ. ಉಣ್ಣುವ ಮುಂಚೆ ಕೈ ತೊಳೆಯಲೆಂದು ಅವ್ವ ಚೆಂಬು ಹಿಡಿದು ನಿಂತರೆ, ಇನ್ನೂ ಸ್ವಲ್ಪ ಹೊತ್ತು ಇರಲಿ ಎನ್ನುತ್ತೇನೆ.